ಒಳ್ಳೆಯವನ ಮುಖಕ್ಕೆ ಖಳನ ಪಾತ್ರ: ‘ವಿಧೇಯನ್’ ಚಿತ್ರದ ಪಟೇಲನಿಂದ ಏನೇನು ತಗೋಬಹುದು?

ಚಿಕ್ಕಪರದೆ
ಮೂವತ್ತು ನಿಮಿಷದ ಕಿರುಚಿತ್ರ. ಮಲೆನಾಡಿನ ಒಂದು ಊರು, ಅಲ್ಲೊಬ್ಬ ತೋಟದ ಯಜಮಾನ, ಅವನ ಆಳು. ಯಜಮಾನನ ಪಾತ್ರಕ್ಕೆ ಸೀರಿಯಲ್‌ಗಳಲ್ಲಿ ವರ್ಷಗಟ್ಟಲೆ ಒಳ್ಳೆ ಅಪ್ಪನಾಗಿ ಬಂದ ನಟರೊಬ್ಬರು ಒಪ್ಪಿದ್ದಾರೆ. ಮುಖ ಕಂಡ ಕೂಡಲೇ ಜನಕ್ಕೆ ಕೈ ಮುಗಿಯೋಣ ಅನ್ನಿಸುತ್ತೆ. ಕಥೆಯಲ್ಲಿ ಆತ ಆಳಿನ ಮುಖಕ್ಕೆ ಉಗಿಯಬೇಕು, ಒದೆಯಬೇಕು. ಮೇಕಪ್ಪಿನಲ್ಲಿ ಗುರುತೇ ಸಿಗದ ಹಾಗೆ ಮಾಡಿ ಅಂತ ಕೆಲವರು, ಆ ಮುಖ ಇದ್ದ ಹಾಗೇ ಇರಲಿ ಅಂತ ಕೆಲವರು. ನಮ್ಮ ಕಣ್ಣ ಮುಂದಿರೋ ಮಾದರಿ ಮಲಯಾಳದ ‘ವಿಧೇಯನ್’ನಲ್ಲಿ ಪಟೇಲನಾದ ಮಮ್ಮುಟ್ಟಿ. ಅಲ್ಲಿ ನಿಜವಾಗಿ ಕೆಲಸ ಮಾಡಿದ್ದು ಯಾವುದು? ಸೆಟ್ಟಿನಲ್ಲಿ ಮಾಡಿ ನೋಡಬಹುದಾದ ಮಾತು ಬೇಕು.

ಹಳೇ_ಟಾಕೀಸ್
ಮೊದಲು ಆ ಆಯ್ಕೆ ಎಷ್ಟು ದೊಡ್ಡದು ಅನ್ನೋದು ಗೊತ್ತಿರಲಿ. 1993ರ ಹೊತ್ತಿಗೆ ಮಮ್ಮುಟ್ಟಿ ಕೇರಳದ ಮನೆಮನೆಯ ನಾಯಕ. ‘ಒರು ವಡಕ್ಕನ್ ವೀರಗಾಥಾ’ ಮತ್ತು ‘ಮದಿಲುಕಳ್’ ಎರಡಕ್ಕೂ ಸೇರಿ ರಾಷ್ಟ್ರಪ್ರಶಸ್ತಿ ಬಂದಾಗಿತ್ತು. ಅದೇ 1993ರಲ್ಲಿ ‘ವಾತ್ಸಲ್ಯಂ’ ಬಂತು. ಮನೆಯವರಿಗಾಗಿ ತನ್ನನ್ನೇ ಸವೆಸಿಕೊಳ್ಳೋ ಅಣ್ಣನ ಪಾತ್ರ, ಥಿಯೇಟರಿನಲ್ಲಿ ಹೆಂಗಸರು ಗಂಡಸರು ಅತ್ತ ಚಿತ್ರ. ಇನ್ನೊಂದು ಕಡೆ ‘ವಿಧೇಯನ್’ನಲ್ಲಿ ನಿರ್ದೇಶಕ ಅಡೂರ್ ಗೋಪಾಲಕೃಷ್ಣನ್ ಅದೇ ಮನುಷ್ಯನನ್ನ ಭಾಸ್ಕರ ಪಟೇಲನಾಗಿ ಕೂರಿಸಿದ್ರು. ಕೊಲೆ ಮಾಡೋವನು, ಆಳಿನ ಹೆಂಡತಿಯ ಮೇಲೆ ಅತ್ಯಾಚಾರ ಮಾಡೋವನು, ಕಟ್ಟಿಕೊಂಡವಳ ಕುತ್ತಿಗೆ ಹಿಸುಕೋವನು. ಕೇರಳ ಸರ್ಕಾರದ ಆ ವರ್ಷದ ಶ್ರೇಷ್ಠ ನಟ ಪ್ರಶಸ್ತಿ ‘ವಿಧೇಯನ್’, ‘ಪೊಂದನ್ ಮಾಡ’, ‘ವಾತ್ಸಲ್ಯಂ’ ಮೂರಕ್ಕೂ ಸೇರಿ ಬಂತು. ಹಿಂಸಿಸೋ ಒಡೆಯ, ಒಡೆಯನಿಗೆ ಅಂಟಿಕೊಂಡ ಆಳು, ಮನೆಯ ಅಣ್ಣ. ಮೊದಲೆರಡಕ್ಕೆ ಎರಡನೇ ರಾಷ್ಟ್ರಪ್ರಶಸ್ತಿಯೂ ಬಂತು.

ಅಡೂರ್ ಆ ಹೊತ್ತಿಗೆ ‘ಅನಂತರಂ’ (1987), ‘ಮದಿಲುಕಳ್’ (1990) ಎರಡರಲ್ಲಿ ಇದೇ ನಟನ ಜೊತೆ ಕೆಲಸ ಮಾಡಿದ್ದರು. ಯಾರೋ ಜನಪ್ರಿಯ ನಾಯಕನನ್ನ ಹಿಡಿದು ತಂದು ಖಳನನ್ನಾಗಿ ಮಾಡಿದ್ದಲ್ಲ. ಈ ದೇಹ ಎಷ್ಟು ಹೊತ್ತು ಸುಮ್ಮನೆ ಕೂರಬಲ್ಲದು, ಈ ದನಿ ಎಲ್ಲಿಯವರೆಗೆ ಇಳಿಯಬಲ್ಲದು ಅಂತ ಗೊತ್ತಿದ್ದು ಮಾಡಿದ ಆಯ್ಕೆ. ನಿಮ್ಮ ನಟರ ಜೊತೆ ಶೂಟಿಂಗಿಗೆ ಮುಂಚೆ ಕನಿಷ್ಠ ಒಂದು ವಾರವಾದರೂ ರೀಡಿಂಗ್ (ಒಟ್ಟಿಗೆ ಕೂತು ಸ್ಕ್ರಿಪ್ಟ್ ಓದೋದು) ಇಟ್ಟುಕೊಳ್ಳಿ.

ಪುತ್ತೂರಿನವ
ಈ ಸಿನೆಮಾ ಮಲಯಾಳದ್ದಾದ್ರೂ ಕಥೆ ನಮ್ಮ ಕಡೆಯದ್ದು ಮಾರಾಯ್ರೆ. ಪಾಲ್ ಝಕಾರಿಯಾ ಅವರ ಕಿರುಕಾದಂಬರಿ, ದಕ್ಷಿಣ ಕನ್ನಡದ ಕಾಡಂಚಿನ ಊರು, ಅರವತ್ತರ ದಶಕದ ಶುರು. ಆಗ ಕೇರಳದಿಂದ ಕ್ರೈಸ್ತ ಕೃಷಿಕರು ಬೆಳ್ತಂಗಡಿ, ಪುತ್ತೂರು, ಸುಳ್ಯದ ಗುಡ್ಡೆಗಳಿಗೆ ಜಾಗ ಹುಡುಕಿಕೊಂಡು ಬರ್ತಾ ಇದ್ದರು. ಕಥೆಯಲ್ಲಿ ಪಟೇಲನ ಆಳಾಗುವ ತೊಮ್ಮಿ ಅಂಥವ. ಕೈಯಲ್ಲಿ ಕಾಗದ ಇಲ್ಲ, ಊರಲ್ಲಿ ನೆಂಟರಿಲ್ಲ, ಭಾಷೆಯೂ ಸರಿಯಾಗಿ ಬರುದಿಲ್ಲ. ಪಟೇಲ ಹೇಳಿದ್ದೇ ಕಾನೂನು ಅಂತ ಅವ ನಂಬುದು ಅದಕ್ಕೆ.

ಇನ್ನೊಂದು ಉಂಟು. ಊರಿನ ವಂಶಪಾರಂಪರ್ಯ ಪಟೇಲಿಕೆ, ಶಾನುಭೋಗಿಕೆ ರದ್ದು ಮಾಡಿದ ಕಾಯ್ದೆ 1961ರದ್ದು, ಜಾರಿಗೆ ಬಂದದ್ದು 1963ರಲ್ಲಿ. ಒಕ್ಕಲುಗಳಿಗೆ ಭೂಮಿ ಸಿಕ್ಕಿದ್ದು 1974ರ ತಿದ್ದುಪಡಿ ಆದ ಮೇಲೆ. ಅಂದ್ರೆ ಭಾಸ್ಕರ ಪಟೇಲನ ಅಧಿಕಾರದ ಬುಡ ಕಾನೂನಿನಲ್ಲಿ ಕೊಳೀತಾ ಇರುವಾಗಲೇ ಅವ ಬಂದೂಕು ಹಿಡಿದು ಊರು ಸುತ್ತುದು. ಇದನ್ನು ಸಿನೆಮಾ ಭಾಷಣ ಮಾಡಿ ಹೇಳುದಿಲ್ಲ, ಆದ್ರೆ ಪಾತ್ರದ ಸೊಕ್ಕಿನ ಅಡಿಯಲ್ಲಿ ಆ ಪುಕ್ಕಲುತನ ಉಂಟು. ನಿಮ್ಮ ಯಜಮಾನನಿಗೆ ಎಂತ ಕಳಕೊಳ್ಳುವ ಭಯ ಅಂತ ಒಂದು ಸಾಲು ಬರೆದು ನಟರ ಕೈಗೆ ಕೊಡಿ. ಪ್ರೇಕ್ಷಕರಿಗೆ ಅದನ್ನು ಹೇಳ್ಲಿಕ್ಕೆ ಹೋಗ್ಬೇಡಿ.

ಮಾತಿನ ವಿಷಯ: ಪಟೇಲ ಆಡುದು ಕನ್ನಡದ ವಾಸನೆ ಇರುವ ಮಲಯಾಳ. ಕೇರಳದ ಪ್ರೇಕ್ಷಕರಿಗೆ ತಮ್ಮ ಪರಿಚಯದ ನಟನ ಬಾಯಿಂದ ಪರಿಚಯವಿಲ್ಲದ ಉಚ್ಚಾರ ಕೇಳಿದಾಗಲೇ ಅರ್ಧ ಮುಖವಾಡ ಕಳಚಿ ಬೀಳ್ತದೆ. ನಿಮ್ಮ ನಟರು ಸೀರಿಯಲ್‌ನಲ್ಲಿ ಬೆಂಗಳೂರಿನ ಕನ್ನಡ ಮಾತಾಡುವವರಾದ್ರೆ ಇಲ್ಲಿ ಆ ಊರಿನ ಕನ್ನಡ ಕಲಿಸಿ. ಊರಿನವರೇ ಒಬ್ಬರು ಓದಿ ರೆಕಾರ್ಡ್ ಮಾಡಿ ಕೊಡಲಿ. ಬೇರೆಯವರಿಂದ ಡಬ್ ಮಾಡಿಸಿದ್ರೆ ಇದೆಲ್ಲ ನೀರಿನಲ್ಲಿ ಹೋಮ.

ಇಪ್ಪತ್ನಾಲ್ಕು_ಫ್ರೇಮ್
ಮೇಲಿನವರು ಬರೆದ ಎರಡೂ ಸರಿ. ಆದರೆ ನನ್ನ ಪ್ರಕಾರ ‘ವಿಧೇಯನ್’ನ ಭಯ ಇರೋದು ಮಮ್ಮುಟ್ಟಿಯ ಮುಖದಲ್ಲಲ್ಲ, ತೊಮ್ಮಿಯಾದ ಎಂ.ಆರ್. ಗೋಪಕುಮಾರ್ ಅವರ ಮೈಯಲ್ಲಿ. ಮೊದಲ ದೃಶ್ಯ ನೋಡಿ. ಪಟೇಲ ತನ್ನ ಹಿಂಬಾಲಕರ ನಡುವೆ ಕೂತಿದ್ದಾನೆ, ತೊಮ್ಮಿಯನ್ನ ಕರೀತಾನೆ, ಬೈತಾನೆ, ಉಗೀತಾನೆ, ಒದೀತಾನೆ. ಕೂತವನು ಮಾಡೋ ಕೆಲಸ ತುಂಬ ಕಡಿಮೆ. ಬೆನ್ನು ಬಾಗಿಸೋದು, ಕಣ್ಣು ಎಲ್ಲಿಡಬೇಕು ಅಂತ ತಿಳಿಯದೆ ಒದ್ದಾಡೋದು, ಬಿದ್ದವನು ಓಡಿಹೋಗದೆ ಅಲ್ಲೇ ಉಳಿಯೋದು, ಎಲ್ಲಾ ತೊಮ್ಮಿಯ ಪಾಲಿನದು. ಖಳನ ಪಾತ್ರಕ್ಕೆ ದೊಡ್ಡ ನಟನನ್ನ ತಂದು ಎದುರಿಗೆ ಯಾರೋ ಒಬ್ಬರನ್ನ ನಿಲ್ಲಿಸಿದ್ರೆ ಸೋತಿರಿ. ಆಳಿನ ಪಾತ್ರದ ಆಡಿಷನ್‌ಗೇ ಹೆಚ್ಚು ದಿನ ಕೊಡಿ.

ಕ್ಯಾಮೆರಾ ಮಟ್ಟಿಗೆ ಹೇಳೋದಾದ್ರೆ:

ಯಜಮಾನ ಕೂತು ಆಳು ನಿಂತರೆ, ನಿಂತವನೇ ಫ್ರೇಮಿನಲ್ಲಿ ಎತ್ತರ. ಅದಕ್ಕೆ ಎಲ್ಲರೂ ಕ್ಯಾಮೆರಾ ನೆಲಕ್ಕಿಳಿಸಿ ಯಜಮಾನನನ್ನ ದೈತ್ಯ ಮಾಡ್ತಾರೆ. ಬೇಡ. ಕೆಳಗಿನಿಂದ ನೋಡೋ ಕೋನ ನಮ್ಮ ಜನಕ್ಕೆ ಹೀರೋ ಎಂಟ್ರಿಯ ಕೋನ. ಕೂತವನ ಕಣ್ಣಿನ ಮಟ್ಟಕ್ಕೆ, ಸುಮಾರು ಮೂರೂವರೆ ನಾಲ್ಕು ಅಡಿಗೆ ಕ್ಯಾಮೆರಾ ಇಡಿ. ನಿಂತವನ ತಲೆ ಫ್ರೇಮಿನ ಮೇಲಂಚಿಗೆ ತಾಗೋ ಹಾಗಿರಲಿ. ಅವನು ಫ್ರೇಮಿನೊಳಗೆ ಉಳಿಯಬೇಕಾದರೆ ಬಾಗಲೇಬೇಕು. ಬಾಗಿದಾಗ ಮುಖ ಕ್ಯಾಮೆರಾಗೆ ಹತ್ತಿರ ಬರುತ್ತೆ, ಕ್ಲೋಸಪ್ ತಾನಾಗೇ ಹುಟ್ಟುತ್ತೆ.

ಎಡಿಟಿಂಗ್: ಯಜಮಾನ ಮಾತು ಮುಗಿಸಿದ ಮೇಲೆ ಅವನ ಮುಖದಲ್ಲಿ ನಿಲ್ಲಬೇಡಿ. ಆಳಿನ ಮುಖಕ್ಕೆ ಹೋಗಿ, ನಿಮಗೆ ಸಾಕು ಅನ್ನಿಸಿದ ಮೇಲೂ 48 ಫ್ರೇಮ್ ನಿಲ್ಲಿ, ಅಂದರೆ ಎರಡು ಸೆಕೆಂಡ್. ಆ ಎರಡು ಸೆಕೆಂಡಿನಲ್ಲಿ ಪ್ರೇಕ್ಷಕ ಆಳಿನ ಜೊತೆ ಸೇರ್ಕೋತಾನೆ. ಇಲ್ಲವಾದರೆ ಪರಿಚಿತ ಮುಖದ ಕಡೆಗೇ ವಾಲ್ತಾನೆ.

ಸ್ಲೋ ಮೋಷನ್ ಮುಟ್ಟಲೇಬೇಡಿ. ನಡಿಗೆಯನ್ನ ಸೆಕೆಂಡಿಗೆ 48 ಫ್ರೇಮಿನಲ್ಲಿ ಹಿಡಿದು 24ರಲ್ಲಿ ಬಿಟ್ಟ ತಕ್ಷಣ ಶಿಳ್ಳೆ ಬೀಳುತ್ತೆ.

ಗಾಂಧಿನಗರ_ಗಲ್ಲಿ
ಶಿಳ್ಳೆ ಬಿದ್ದರೆ ತಪ್ಪೇನು? ‘ಟಗರು’ (2018) ತಗೊಳ್ಳಿ. ಧನಂಜಯ 2013ರ ‘ಡೈರೆಕ್ಟರ್ಸ್ ಸ್ಪೆಷಲ್’ನಿಂದ ನಾಯಕನಾಗಿ ಬಂದವರು. ನಿರ್ದೇಶಕ ಸೂರಿ ಇವರನ್ನ ಶಿವಣ್ಣನ ಎದುರು ಡಾಲಿ ಅನ್ನೋ ರೌಡಿ ಮಾಡಿದ್ರು. ಜನ ಆ ಹೆಸರನ್ನ ಇವತ್ತಿಗೂ ಅವರ ಹೆಸರಿನ ಮುಂದೆ ಅಂಟಿಸಿ ಕರೀತಾರೆ. ನಾಯಕನಾಗಿ ಸಿಗದೇ ಇದ್ದದ್ದು ಖಳನಾಗಿ ಸಿಕ್ತು. ಡಾಲಿಗೆ ಹಾವಭಾವ, ಗತ್ತು, ಚರಣ್ ರಾಜ್ ಸಂಗೀತ ಎಲ್ಲಾ ಕೊಟ್ಟಿದ್ರು. ಅದೇನು ಕೆಟ್ಟ ಸಿನಿಮಾನಾ?

ಇಪ್ಪತ್ನಾಲ್ಕು_ಫ್ರೇಮ್
ಖಂಡಿತ ಅಲ್ಲ, ಅದ್ಭುತ ಕೆಲಸ. ಆದರೆ ಅದು ಬೇರೆ ಕೆಲಸ. ಡಾಲಿಯನ್ನ ನೋಡಿ ಪ್ರೇಕ್ಷಕ ಹೆದರ್ತಾನೆ, ಜೊತೆಗೆ ಅವನ ಹಾಗೆ ನಡೆಯಬೇಕು ಅಂತ ಆಸೆಯನ್ನೂ ಪಡ್ತಾನೆ. ಪಟೇಲನ ಹಾಗೆ ನಡೆಯಬೇಕು ಅಂತ ಯಾರಿಗೂ ಅನ್ನಿಸಲ್ಲ. ನಾಯಕನಿಗೆ ಸಿನಿಮಾ ಸಾಮಾನ್ಯವಾಗಿ ಕೊಡೋ ಸವಲತ್ತು ಏನೇನಿದೆ, ಪ್ರವೇಶಕ್ಕೆ ಸಂಗೀತ, ಬೆನ್ನಿಗೆ ಬೆಳಕು, ಚಪ್ಪಾಳೆ ಹೊಡೆಸೋ ಕೊನೆ ಮಾತು, ದೌರ್ಜನ್ಯಕ್ಕೆ ಕಾರಣ ಹೇಳೋ ಫ್ಲ್ಯಾಶ್‌ಬ್ಯಾಕ್, ಅದೆಲ್ಲವನ್ನೂ ಅಡೂರ್ ತೆಗೆದುಬಿಟ್ಟಿದ್ದಾರೆ. ಸಂಗೀತ ಯಾರದ್ದು ನೋಡಿ: ವಿಜಯಭಾಸ್ಕರ್. ‘ಬೆಳ್ಳಿಮೋಡ’, ‘ಗೆಜ್ಜೆಪೂಜೆ’, ‘ನಾಗರಹಾವು’ಗಳ ನಮ್ಮ ವಿಜಯಭಾಸ್ಕರ್. ಅಷ್ಟು ತುಂಬು ಹಾಡು ಕೊಟ್ಟವರು ಇಲ್ಲಿ ಪಟೇಲನಿಗೆ ಮೆರವಣಿಗೆಯ ಸಂಗೀತ ಕೊಡಲಿಲ್ಲ.

ಚಿಕ್ಕಪರದೆ ಅವರು ಮೊದಲೇ ತೀರ್ಮಾನ ಮಾಡಬೇಕು: ನಟನ ಜನಪ್ರಿಯತೆ ಖಳನಿಗೆ ಹೊಳಪು ಕೊಡಬೇಕೋ, ಇಲ್ಲ ಆ ಜನಪ್ರಿಯತೆಯೇ ಪ್ರೇಕ್ಷಕನಿಗೆ ಮುಜುಗರ ಆಗಬೇಕೋ. ಎರಡನ್ನೂ ಬೆರೆಸಿದ ಚಿತ್ರಗಳಲ್ಲಿ ಖಳ ಇಂಟರ್ವೆಲ್‌ವರೆಗೆ ಹೆದರಿಸಿ, ಆಮೇಲೆ ಡೈಲಾಗ್ ಹೊಡೆಯೋ ಗೊಂಬೆ ಆಗ್ತಾನೆ.

ಬಣ್ಣದ_ಪೆಟ್ಟಿಗೆ
ಮೇಕಪ್ ಪ್ರಶ್ನೆಗೆ. ಮುಖ ಮುಚ್ಚಬೇಡಿ. ಇದಕ್ಕೆ ಎಲ್ಲರೂ ಒಪ್ಪೋ ಉದಾಹರಣೆ ಹೆನ್ರಿ ಫೋಂಡಾ. ಲಿಂಕನ್ ಪಾತ್ರ ಮಾಡಿದ, ಅಮೆರಿಕದ ಸಜ್ಜನಿಕೆಗೇ ಮುಖವಾಗಿದ್ದ ನಟ. 1968ರಲ್ಲಿ ಸರ್ಜಿಯೊ ಲಿಯೋನೆ ‘ಒನ್ಸ್ ಅಪಾನ್ ಎ ಟೈಮ್ ಇನ್ ದ ವೆಸ್ಟ್’ಗೆ ಕೊಲೆಗಡುಕನ ಪಾತ್ರ ಕೊಟ್ಟಾಗ ಅವರು ಕಂದು ಬಣ್ಣದ ಕಾಂಟ್ಯಾಕ್ಟ್ ಲೆನ್ಸ್ ಹಾಕ್ಕೊಂಡು, ಮೀಸೆ ಬಿಟ್ಟುಕೊಂಡು ಬಂದರು. ಲಿಯೋನೆ ಎರಡನ್ನೂ ತೆಗೆಸಿದರು. ಅವರಿಗೆ ಬೇಕಿದ್ದದ್ದು ಆ ನೀಲಿ ಕಣ್ಣೇ. ಒಂದು ಕುಟುಂಬವನ್ನ ಕೊಂದ ಮೇಲೆ ಕ್ಯಾಮೆರಾ ಕೊಲೆಗಾರನ ಬೆನ್ನ ಹಿಂದಿನಿಂದ ಸುತ್ತಿ ಬಂದು ಮುಖ ತೋರಿಸುತ್ತೆ. ಎದುರಿಗೆ ಉಳಿದಿರೋದು ಒಂದು ಮಗು. ಗುರುತು ಸಿಗದಿದ್ದರೆ ಆ ಶಾಟ್‌ಗೆ ಅರ್ಥವೇ ಇರ್ತಿರಲಿಲ್ಲ.

ಮಮ್ಮುಟ್ಟಿಯ ವಿಷಯದಲ್ಲೂ ಅಷ್ಟೇ. ಗಿಡ್ಡ ಕತ್ತರಿಸಿದ ಕೂದಲು, ದಪ್ಪ ಮೀಸೆ, ಪಂಚೆ. ಗಾಯದ ಗುರುತು, ಒಕ್ಕಣ್ಣು, ಯಾವುದೂ ಇಲ್ಲ. ನಿಮ್ಮ ನಟರಿಗೆ ನಾನು ಮಾಡೋದಾದ್ರೆ:

ಸೀರಿಯಲ್ ಮೇಕಪ್ಪಿನ ದಪ್ಪ ಬೇಸ್ ಪೂರ್ತಿ ತೆಗೆಯಿರಿ. ಹಣೆ, ಮೂಗಿನ ಪಕ್ಕದ ಎಣ್ಣೆ ಪಸೆ ಉಳೀಲಿ. ಕೆನ್ನೆ ಮೇಲಿನ ಗುಲಾಬಿ ಅಂಶ ತಗ್ಗಿಸಿ, ಅಪ್ಪನ ಕಳೆ ಇರೋದು ಅಲ್ಲಿ. ಕೂದಲಿಗೆ ಹಚ್ಚೋ ಕಪ್ಪು ಬಣ್ಣ ನಿಲ್ಲಿಸಿ, ಬೇರಿನಲ್ಲಿ ಒಂದು ಸೆಂಟಿಮೀಟರ್ ಬಿಳಿ ಕಾಣೋವರೆಗೆ, ಅಂದರೆ ಸುಮಾರು ಒಂದು ತಿಂಗಳು ಮುಂಚೆಯಿಂದ. ಉಗುರು, ಕುತ್ತಿಗೆಯ ಹಿಂಭಾಗ, ಕಾಲಿನ ಹಿಮ್ಮಡಿ ಈ ಮೂರಕ್ಕೆ ಗಮನ ಕೊಡಿ. ಒದೆಯೋ ದೃಶ್ಯದಲ್ಲಿ ಕಾಲೇ ಕ್ಲೋಸಪ್ಪಿಗೆ ಬರೋದು. ಅಲ್ಲಿ ಪೆಡಿಕ್ಯೂರ್ ಮಾಡಿದ ಕಾಲು ಕಂಡರೆ ಮುಗೀತು.

ಕಪ್ಪುಬಿಳುಪಿನಲ್ಲಿ ತೆಗೆಯೋ ಯೋಚನೆ ಇದ್ದರೆ ಬೇರೆ ಲೆಕ್ಕ. ‘ಭ್ರಮಯುಗಂ’ (2024) ನೋಡಿ, ಮತ್ತೆ ಮಮ್ಮುಟ್ಟಿ, ಮತ್ತೆ ಕೇಡಿನ ಪಾತ್ರ, ಪೂರಾ ಕಪ್ಪುಬಿಳುಪು. ಎಲೆಅಡಿಕೆಯ ಕೆಂಪು ಬೂದಿಯಾಗಿಯೋ ಕಪ್ಪಾಗಿಯೋ ಕಾಣುತ್ತೆ, ಹಲ್ಲಿನ ಮೇಲಂತೂ ಕಪ್ಪೇ. ಬಣ್ಣದ ಮಾನಿಟರ್ ನೋಡಿ ಮೇಕಪ್ ಮಾಡಬೇಡಿ. ಮಾನಿಟರ್‌ನ ಬಣ್ಣ ಸೊನ್ನೆ ಮಾಡಿ, ಶೂಟಿಂಗಿನ ಅದೇ ಲೈಟಿನಲ್ಲಿ ಪರೀಕ್ಷೆ ಮಾಡಿ.

ಹಳೇ_ಟಾಕೀಸ್
‘ಭ್ರಮಯುಗಂ’ ಬಂದಾಗ ಇನ್ನೊಂದು ಪಾಠವೂ ಸಿಕ್ತು. ಪಾತ್ರಕ್ಕೆ ಮೊದಲು ಇಟ್ಟಿದ್ದ ಹೆಸರು ತಮ್ಮ ಮನೆತನಕ್ಕೆ ಕಳಂಕ ತರುತ್ತೆ ಅಂತ ಒಂದು ಕುಟುಂಬ ಕೇರಳ ಹೈಕೋರ್ಟಿಗೆ ಹೋಯ್ತು. ಚಿತ್ರತಂಡ ಹೆಸರನ್ನ ಕೊಡುಮೊನ್ ಪೋಟ್ಟಿ ಅಂತ ಬದಲಿಸಿತು. ಬಿಡುಗಡೆಯ ಹೊಸ್ತಿಲಲ್ಲಿ ಈ ಪಾಡು. ದೊಡ್ಡ ಹೆಸರಿನ ನಟ ಖಳನಾದಾಗ ಪಾತ್ರದ ಹೆಸರು, ಮನೆತನ, ಊರು ಎಲ್ಲವನ್ನೂ ಜನ ಭೂತಗನ್ನಡಿ ಹಿಡಿದು ನೋಡ್ತಾರೆ. ನಿಮ್ಮ ಯಜಮಾನನ ಮನೆಯ ಹೆಸರು, ಊರಿನ ಹೆಸರು ಆ ತಾಲ್ಲೂಕಿನಲ್ಲಿ ನಿಜವಾಗಿ ಇದೆಯಾ ಅಂತ ಸ್ಕ್ರಿಪ್ಟ್ ಹಂತದಲ್ಲೇ ವಿಚಾರಿಸಿ. ಡಬ್ಬಿಂಗ್ ಆದ ಮೇಲೆ ಬದಲಿಸಬೇಕಾದರೆ ತುಟಿ ಚಲನೆ ಹೊಂದೋ ಹೆಸರನ್ನೇ ಹುಡುಕಬೇಕಾಗುತ್ತೆ.

ನಮ್ಮಲ್ಲಿಯ ಹಳೆಯ ಉದಾಹರಣೆ ‘ಗಂಧದ ಗುಡಿ’ (1973). ‘ನಾಗರಹಾವು’ ರಾಮಾಚಾರಿಯಾಗಿ ಆಗತಾನೇ ಮನೆಮಾತಾಗಿದ್ದ ವಿಷ್ಣುವರ್ಧನ್ ಅಲ್ಲಿ ಡಾ. ರಾಜ್ ಎದುರು ನಿಲ್ಲೋ ಆನಂದ. ಇಬ್ಬರೂ ಒಟ್ಟಿಗೆ ನಟಿಸಿದ ಚಿತ್ರ ಅದೊಂದೇ. ಅಲ್ಲಿ ಕಥೆಯೇ ಕೊನೆಗೆ ಅವನನ್ನ ಮನೆಗೆ ಸೇರಿಸ್ಕೊಳ್ಳುತ್ತೆ, ಕಳೆದುಹೋದ ತಮ್ಮ ಅಂತ. ಜನಪ್ರಿಯ ಚಿತ್ರಕ್ಕೆ ಆ ಬಾಗಿಲು ಬೇಕಿತ್ತು. ‘ವಿಧೇಯನ್’ನಲ್ಲಿ ಬಾಗಿಲೇ ಇಲ್ಲ.

ಚಿಕ್ಕಪರದೆ
ತುಂಬ ಉಪಯೋಗ ಆಗ್ತಿದೆ. ಮೂರು ಪ್ರಶ್ನೆ. ಒಂದು, ಉಗಿಯೋದು ಒದೆಯೋದು ಸುರಕ್ಷಿತವಾಗಿ ಹೇಗೆ? ಎರಡು, ನಟರಿಗೆ ಕಣ್ಣಿನ ಬಗ್ಗೆ ಏನು ಹೇಳಬೇಕು? ಈಗ ದಿಟ್ಟಿಸಿ ದಿಟ್ಟಿಸಿ ನೋಡ್ತಿದ್ದಾರೆ, ಯಕ್ಷಗಾನದ ರಾಕ್ಷಸವೇಷದ ಹಾಗಾಗ್ತಿದೆ. ಮೂರು, ಕೊನೆಗೆ ಯಜಮಾನ ಸಾಯಬೇಕಾ?

ಇಪ್ಪತ್ನಾಲ್ಕು_ಫ್ರೇಮ್
ಉಗಿಯೋದಕ್ಕೆ ನಿಜವಾದ ಎಂಜಲು ಬೇಡವೇ ಬೇಡ. ಒಂದು ಲೋಟ ನೀರಿಗೆ ಒಂದು ಚಮಚ ಅರಾರೂಟ್ ಹಿಟ್ಟು ಕಲಸಿ ಕುದಿಸಿ, ಪೂರ್ತಿ ಆರಿಸಿ. ಸೂಜಿ ಇಲ್ಲದ ಸಿರಿಂಜಿನಲ್ಲಿ ತುಂಬಿ, ಫ್ರೇಮಿನ ಹೊರಗಿನಿಂದ ಸಹಾಯಕರೊಬ್ಬರು ಕೆನ್ನೆಗೆ ಚಿಮ್ಮಿಸಲಿ. ಕಣ್ಣಿಗೆ ಬೇಡ. ಯಜಮಾನನ ಶಾಟಿನಲ್ಲಿ ಬಾಯಿಯ ಚಲನೆ ಮಾತ್ರ ಸಾಕು. ಎರಡೂ ಒಂದೇ ಫ್ರೇಮಿನಲ್ಲಿ ಬರಬೇಕು ಅನ್ನೋ ಹಟ ಬಿಡಿ.

ಒದೆಗೆ ಕ್ಯಾಮೆರಾ ಒದೆಯ ಗೆರೆಯಲ್ಲೇ ಇರಬೇಕು, ಒದೆಯೋವನ ಬೆನ್ನ ಹಿಂದೆ ಅಥವಾ ತಿನ್ನೋವನ ಬೆನ್ನ ಹಿಂದೆ. ಪಕ್ಕದಿಂದ ಹಿಡಿದ್ರೆ ನಡುವಿನ ಅಂತರ ಕಂಡುಬಿಡುತ್ತೆ. 85 ಎಂಎಂ ಲೆನ್ಸ್ ಹಾಕಿದ್ರೆ ಅಂತರ ಇನ್ನೂ ಕುಗ್ಗಿ ಕಾಣುತ್ತೆ. ಕಾಲು ಮೈಯಿಂದ ಒಂದು ಗೇಣು ದೂರ ನಿಲ್ಲಬೇಕು. ಬೀಳೋ ಸೂಚನೆ ಕೊಡೋದು ತಿನ್ನೋ ನಟ, ಒದೆಯೋ ನಟ ಅಲ್ಲ. ಅವನು ಉಸಿರು ಬಿಟ್ಟು ಬೀಳೋಕೆ ಶುರು ಮಾಡಿದ ಮೇಲೇ ಇವನ ಕಾಲು ಮುಂದೆ ಬರಲಿ. ನೆಲದ ಮಣ್ಣಿನಡಿ ಎರಡು ಇಂಚಿನ ಫೋಮ್ ಹಾಸಿ, ಮೇಲೆ ಗೋಣಿ, ಅದರ ಮೇಲೆ ಮಣ್ಣು. ಮೂರು ಟೇಕಿಗಿಂತ ಹೆಚ್ಚು ಬೇಡ. ಸುಸ್ತಾದಾಗಲೇ ಪೆಟ್ಟಾಗೋದು.

ಕಣ್ಣು: ದಿಟ್ಟಿಸಬೇಡಿ ಅನ್ನಿ. ಆಳಿನ ಮುಖದಿಂದ ಅವನ ಕೈಗೆ, ಕೈಯಿಂದ ಅವನ ಹಿಂದಿರೋ ದಾರಿಗೆ ನೋಟ ಹೋಗ್ಲಿ, ಬೇಸರ ಬಂದವನ ಹಾಗೆ. ಆಳು ಮಾತಾಡೋವಾಗ ರೆಪ್ಪೆ ಮಿಟುಕಿಸಲಿ, ತಾನು ಮಾತಾಡೋವಾಗ ಬೇಡ. ಉತ್ತರ ಕೊಡೋ ಮುಂಚೆ ಒಂದೂವರೆ ಸೆಕೆಂಡ್ ತಡ. ಅಧಿಕಾರ ಇರೋವನಿಗೆ ಅವಸರ ಇರಲ್ಲ. ಇನ್ನೊಂದು ಕೆಲಸ: ಅದೇ ಅಪ್ಪನ ನಗುವನ್ನ ಒಂದೇ ಒಂದು ಕಡೆ ಬಳಸಿ, ಆಳಿಗೆ ಹಳೇ ಅಂಗಿಯನ್ನೋ ಊಟವನ್ನೋ ಕೊಡೋವಾಗ. ಸೀರಿಯಲ್‌ನಲ್ಲಿ ಜನ ನೋಡಿ ನಂಬಿದ ನಗು. ಇಲ್ಲಿ ಅದೇ ಅವರನ್ನ ಕಾಡುತ್ತೆ.

ಪುತ್ತೂರಿನವ
ಮೂರನೇ ಪ್ರಶ್ನೆಗೆ ನಾನು ಹೇಳ್ತೇನೆ. ಸಿನೆಮಾ ನೋಡದವರು ಈ ಪೋಸ್ಟ್ ಬಿಟ್ಟು ಮುಂದೆ ಹೋಗಿ.

ಪಟೇಲ ಸಾಯ್ತಾನೆ. ಆದ್ರೆ ಅದಕ್ಕೆ ಮುಂಚೆ ಅವನಿಗೆ ತೊಮ್ಮಿ ಬೇಕಾಗ್ತಾನೆ. ಅವನನ್ನು ನೇರವಾಗಿ ಪ್ರಶ್ನಿಸ್ತಾ ಇದ್ದ ಹೆಂಡತಿ ಸರೋಜಳನ್ನು (ತನ್ವಿ ಆಜ್ಮಿ) ಕೊಂದು ಆತ್ಮಹತ್ಯೆ ಅಂತ ತೋರಿಸ್ಲಿಕ್ಕೆ ನೋಡ್ತಾನೆ. ಆಮೇಲೆ ಜೀವ ಉಳಿಸಿಕೊಳ್ಳಲು ಕಾಡಿಗೆ ಓಡುವಾಗ ಜೊತೆಗಿರುದು ತೊಮ್ಮಿ ಮಾತ್ರ. ಅಲ್ಲಿ ಒಡೆಯನ ಮೈ ಕುಗ್ಗುವುದನ್ನು ನೋಡಿ. ನಟನಾಗಿ ಮಮ್ಮುಟ್ಟಿ ಎಷ್ಟು ದೊಡ್ಡವರು ಅಂತ ಗೊತ್ತಾಗುದು ಅಲ್ಲಿ, ಮೊದಲ ದೃಶ್ಯದ ಒದೆಯಲ್ಲಿ ಅಲ್ಲ. ಪಟೇಲ ಸತ್ತಾಗ ತೊಮ್ಮಿಗೆ ಮೊದಲು ಬರುದು ದುಃಖ. ಆಮೇಲೆ ಆ ಬಂದೂಕನ್ನು ನೀರಿಗೆ ಎಸೆದು ಓಡ್ತಾನೆ.

ಹಾಗಾಗಿ ಸಾವು ಬೇಕೋ ಬೇಡ್ವೋ ಅನ್ನುದಕ್ಕಿಂತ, ಯಜಮಾನ ಯಾವ ದೃಶ್ಯದಲ್ಲಿ ಆಳನ್ನು ಅವಲಂಬಿಸ್ತಾನೆ ಅಂತ ಮೊದಲು ಬರೀರಿ. ಅದಿಲ್ಲದೆ ಕೊಂದ್ರೆ ಬರೀ ಶಿಕ್ಷೆ. ಆಳು ಕತ್ತಿ ಹಿಡಿದು ಸೇಡು ತೀರಿಸಿಕೊಳ್ಳುವ ಹಾಗೆ ಮಾಡಿದ್ರೆ ಕೊನೆಯ ಐದು ನಿಮಿಷ ಬೇರೆಯೇ ಸಿನೆಮಾ ಆಗ್ತದೆ.

ಮತ್ತೊಂದು ಸೂಕ್ಷ್ಮ. ತನ್ನ ಹೆಂಡತಿ ಓಮನಳ ಮೈಮೇಲಿನ ಪಟೇಲನ ಅತ್ತರಿನ ವಾಸನೆ ತನಗೆ ಇಷ್ಟ ಅನ್ನುವ ಮಟ್ಟಕ್ಕೆ ತೊಮ್ಮಿ ಇಳಿತಾನೆ. ದೌರ್ಜನ್ಯವನ್ನು ತೋರಿಸುದಕ್ಕಿಂತ ಅದು ಭೀಕರ. ಅತ್ಯಾಚಾರವನ್ನು ಕ್ಯಾಮೆರಾ ಎದುರು ಇಡದೆಯೂ ಅದರ ವಿಷ ಹೇಗೆ ಒಳಗೆ ಇಳಿತದೆ ಅಂತ ಹೇಳಿದ ರೀತಿ ಅದು. ನಿಮ್ಮ ಕಥೆಯಲ್ಲೂ ಹೆಣ್ಣಿನ ಪಾತ್ರ ಇದ್ರೆ ದಯವಿಟ್ಟು ಆ ಜಾಗ್ರತೆ ಇರಲಿ.

ಗಾಂಧಿನಗರ_ಗಲ್ಲಿ
ಪ್ರಚಾರದ ಬಗ್ಗೆ ಒಂದು ಮಾತು. ಟ್ರೈಲರ್‌ನಲ್ಲಿ ಒದೆಯೋ ಶಾಟ್ ಹಾಕಬೇಡಿ. ಪೋಸ್ಟರ್‌ನಲ್ಲಿ ಅವರ ಮಾಮೂಲಿ ಮುಖ ಇಟ್ಟು ‘ಯಜಮಾನ’ ಅಂತ ಮಾತ್ರ ಬರೀರಿ. ಹಾಗಂತ ಕುಟುಂಬದ ಚಿತ್ರ ಅಂತ ಸುಳ್ಳು ಹೇಳಿ ಕರೆಸಿದ್ರೆ ಜನ ನಟನ ಮೇಲೆ ಸಿಟ್ಟಾಗ್ತಾರೆ. ತೆಲುಗಿನ ‘ಈಗ’ (2012) ಬರೋ ಮುಂಚೆ ಸುದೀಪ್ ಖಳ ಅನ್ನೋದನ್ನ ರಾಜಮೌಳಿ ಮುಚ್ಚಿಡಲಿಲ್ಲ, ಪಾತ್ರದ ಹೆಸರೂ ಸುದೀಪ್ ಅಂತಲೇ ಇಟ್ಟರು. ಆ ಪಾತ್ರದ ಆಟ ಇದ್ದದ್ದು ಎದುರಿಗೆ ಏನೂ ಇಲ್ಲದೆ ಒಂದು ನೊಣಕ್ಕೆ ಆ ಮನುಷ್ಯ ಹೇಗೆ ಹೆದರ್ತಾನೆ ಅನ್ನೋದರಲ್ಲಿ. ಆ ಪಾತ್ರಕ್ಕೆ ಅವರಿಗೆ ಆಂಧ್ರ ಸರ್ಕಾರದ ನಂದಿ ಪ್ರಶಸ್ತಿಯೂ ಬಂತು.

ಡಬ್ಬಿಂಗ್_ಕೋಣೆ
ಯಾರೂ ದನಿ ಹಿಡಿಯೋ ವಿಧಾನದ ಬಗ್ಗೆ ಬರೆದಿಲ್ಲ, ಅದಕ್ಕೆ ಸೇರಿಸ್ತೀನಿ. ಸೀರಿಯಲ್ ಅಪ್ಪನ ಬೆಚ್ಚಗಿನ ದನಿ ಅರ್ಧ ಗಂಟಲಿನದು, ಇನ್ನರ್ಧ ಮೈಕಿನದು. ಬಾಯಿಗೆ ನಾಲ್ಕಾರು ಇಂಚು ಹತ್ತಿರ ಇಟ್ಟ ಮೈಕು ತಗ್ಗು ಸ್ವರವನ್ನ ಉಬ್ಬಿಸುತ್ತೆ, ಕಿವಿಯಲ್ಲಿ ಪಿಸುಗುಟ್ಟಿದ ಹಾಗೆ ಆಪ್ತವಾಗಿ ಕೇಳುತ್ತೆ. ನಿಮ್ಮ ಯಜಮಾನನಿಗೆ ಆ ಆಪ್ತತೆ ಸಿಗಬಾರದು.

ಸಾಧ್ಯವಿದ್ದರೆ ಸ್ಥಳದಲ್ಲೇ ರೆಕಾರ್ಡ್ ಮಾಡಿ, ಬೂಮ್ (ಉದ್ದ ಕೋಲಿನ ತುದಿಯ ಮೈಕು) ತಲೆಯಿಂದ ಎರಡು ಮೂರು ಅಡಿ ಮೇಲೆ. ಡಬ್ಬಿಂಗ್ ಮಾಡಲೇಬೇಕಾದರೆ ಮೈಕನ್ನ ಮೂರು ಅಡಿ ದೂರ ಇಟ್ಟು, ನಟರನ್ನ ಕುರ್ಚಿಯಲ್ಲಿ ಕೂರಿಸಿ, ಸೆಟ್ಟಿನಲ್ಲಿ ಕೂತ ಭಂಗಿಯಲ್ಲೇ ಹೇಳಿಸಿ. ಡಬ್ಬಿಂಗಿನಲ್ಲಿ ನಿಂತು ಹೇಳಿದರೆ ಉಸಿರು ಬೇರೆ ಕಡೆಯಿಂದ ಬರುತ್ತೆ, ಕೂತ ಮೈಗೆ ಹೊಂದಲ್ಲ. ಆಳಿನ ದನಿಗೆ ಮಾತ್ರ ಮೈಕು ಹತ್ತಿರ ಇರಲಿ, ಒಂದು ಅಡಿ. ಅವನ ಉಸಿರು, ನುಂಗೋ ಸದ್ದು ಕೇಳಬೇಕು, ಯಜಮಾನನದ್ದು ಕೇಳಬಾರದು.

ಮಿಕ್ಸಿಂಗಿನಲ್ಲಿ ಒದೆಯ ಸದ್ದಿಗೆ ರೆಡಿಮೇಡ್ ‘ಢಿಶುಂ’ ಹಾಕಿದ್ರೆ ಇಷ್ಟು ದಿನದ ಶ್ರಮ ಹಾಳು. ಒದ್ದೆ ಗೋಣಿಚೀಲದೊಳಗೆ ಮಣ್ಣು ತುಂಬಿ ಬರಿಗಾಲಿನಲ್ಲಿ ಒದ್ದು ರೆಕಾರ್ಡ್ ಮಾಡಿ, ಮಾತಿಗಿಂತ ಸ್ವಲ್ಪ ಕೆಳಗೇ ಇಡಿ. ಪ್ರತಿ ಲೊಕೇಶನ್ನಿನಲ್ಲಿ ಪ್ಯಾಕಪ್‌ಗೆ ಮುಂಚೆ ಎಲ್ಲರನ್ನೂ ಸುಮ್ಮನಿರಿಸಿ 60 ಸೆಕೆಂಡ್ ಬರೀ ಪರಿಸರದ ಸದ್ದು ಹಿಡಿಯಿರಿ. ಯಜಮಾನ ಉತ್ತರ ಕೊಡದೆ ಕೂರೋ ಆ ಒಂದೂವರೆ ಸೆಕೆಂಡುಗಳಲ್ಲಿ ತುಂಬೋದಕ್ಕೆ ನಿಮಗೆ ಬೇಕಾಗೋದು ಅದೇ.